ಟ್ರಿವೇಂಡ್ರಂ ಅಂತ ಹೇಳಿದ್ದು

19 ಡಿಸೆಂಬರ್ 2004, ಭಾನುವಾರ

ಧನುರ್ಮಾಸ. ಕತ್ತಲಿರುವಾಗಲೇ ಅಮ್ಮನ ಪೂಜೆ, ಹುಗ್ಗಿ. ಏಳುವ ಹೊತ್ತಿಗೆ ಮನೆ ತುಂಬ ಮೆಣಸಿನ ವಾಸನೆ. ತಿಂದೆ. ಮತ್ತೆ ಮಲಗಬೇಕೆನ್ನಿಸಿತು. ಮಲಗಲಿಲ್ಲ — ಭಾನುವಾರ ಹನ್ನೊಂದಕ್ಕೆಂದರೆ ನಂದಿತಾಳ ಫೋನ್.

ಅವಳು ಮಾತಾಡುವಾಗ ಹಿಂದೆ ಸಮುದ್ರ ಕೇಳಿಸುತ್ತದೆ. ಬೂತು ದಡದಲ್ಲೇ ಇದೆಯಂತೆ. ಮಾಲ್ಡೀವ್ಸ್‌ನ ಒಂದು ದ್ವೀಪ. ಈ ತುದಿಯಿಂದ ಆ ತುದಿಗೆ ನಡೆದರೆ ಕಾಲು ಗಂಟೆ. ಅಲ್ಲಿನ ಶಾಲೆಯಲ್ಲಿ ನನ್ನ ಹೆಂಡತಿ ಇಂಗ್ಲಿಷ್ ಟೀಚರ್. ಜುಲೈನಿಂದ. ಅಮ್ಮನಿಗೆ ಹೇಳಿರುವುದು ಟ್ರಿವೇಂಡ್ರಂ. ಪೂರ್ತಿ ಸುಳ್ಳಲ್ಲ. ವಿಮಾನ ಹತ್ತಿದ್ದು ಅಲ್ಲಿಂದಲೇ.

ಸಮುದ್ರ ದಾಟಿದ ಸೊಸೆಯ ಕೈಯಡಿಗೆಯನ್ನು ಅಮ್ಮ ಮುಟ್ಟುವವಳಲ್ಲ. ಮುಳಬಾಗಿಲಿನ ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಹಾಗೇ ಆಯಿತು. ಸಿಂಗಪುರದಿಂದ ಬಂದವರಿಗೆ ಕೊನೆಯವರೆಗೂ ಬೇರೆ ಪಂಕ್ತಿ. ಎರಡು ವರ್ಷದ ಮಾತು, ಯಾಕೆ ಗೊತ್ತಾಗಬೇಕು ಅಂದದ್ದು ನಾನೇ. ಮಕ್ಕಳಿಲ್ಲದ ಮನೆ, ಮಗನಿಗೆ ಅಡಿಗೆ ಯಾರು ಮಾಡುತ್ತಾರೆ ಅಂತ ಅಮ್ಮ ಇಲ್ಲಿಗೆ, ಶ್ರೀನಿವಾಸಪುರಕ್ಕೆ ಬಂದುಬಿಟ್ಟಳು. ಅದನ್ನು ಲೆಕ್ಕ ಹಾಕಿರಲಿಲ್ಲ.

"ಚಳೀನಾ ಅಲ್ಲಿ?" ಅಮ್ಮ ಒಳಗಿನಿಂದ.

"ಕೇರಳದಲ್ಲಿ ಎಲ್ಲಿ ಚಳಿ ಅಮ್ಮ."

"ಡಿಸೆಂಬರಲ್ಲೂ ರಜಾ ಇಲ್ವೇನೋ ಅವಳಿಗೆ? ಅದೆಂಥ ಸ್ಕೂಲೋ!"

ರಜಾ ಇದೆ. ವರ್ಷ ತುಂಬದೆ ಟಿಕೆಟ್ ಇಲ್ಲ.

26 ಡಿಸೆಂಬರ್, ಭಾನುವಾರ, ಹನ್ನೊಂದೂವರೆ

ಫೋನ್ ಬಂದಿಲ್ಲ.

ಬೆಳಿಗ್ಗೆ ಮದ್ರಾಸಿನಲ್ಲಿ ಭೂಮಿ ನಡುಗಿತಂತೆ. ಸಮುದ್ರ ಊರೊಳಗೆ ಬಂತಂತೆ. ಮದ್ರಾಸು ಅಲ್ಲವೇ. ಅದು ಬೇರೆ ಸಮುದ್ರ... ಬೇರೆ ಅಂತ ಅಂದುಕೊಂಡಿದ್ದೇನೆ.

ಸಂಜೆ

ಟಿವಿಯಲ್ಲಿ ಮರೀನಾ. ಕಾರುಗಳು ತೇಲುತ್ತಿವೆ. ನಾಗಪಟ್ಟಣಂ. ಕೊಲ್ಲಂ. ಕೆಳಗೆ ಓಡುವ ಸಾಲಿನಲ್ಲಿ ಒಮ್ಮೆ ಮಾಲ್ಡೀವ್ಸ್ ಅಂತ ಬಂತು. ಮತ್ತೆ ಬರಲಿ ಅಂತ ಕಾದೆ. ಕ್ರಿಕೆಟ್ ಬಂತು.

"ಕೇರಳದಲ್ಲೂ ಅಂತಲ್ಲೋ ಮಾಧವ!"

"ಟ್ರಿವೇಂಡ್ರಂಗೆ ಏನೂ ಆಗಿಲ್ಲಮ್ಮ. ಸ್ಕೂಲು ಸಮುದ್ರಕ್ಕೆ ದೂರ."

"ಎಷ್ಟು ದೂರ?"

"ಇಲ್ಲಿಂದ ಕೋಲಾರದಷ್ಟು."

ಅಮ್ಮನಿಗೆ ಸಮಾಧಾನ. ದೀಪ ಹಚ್ಚಿದಳು. ಸಾರು ಬಿಸಿ ಮಾಡಿದಳು. ಸತ್ತವರಿಗೆ "ಪಾಪ, ಪಾಪ" ಅಂದು ಮಲಗಿದಳು. ನನ್ನ ಮಾತನ್ನು ಇಷ್ಟು ಪೂರ್ತಿಯಾಗಿ ಯಾರೂ ಯಾವತ್ತೂ ನಂಬಿದ್ದಿಲ್ಲ.

ಬಸ್‌ಸ್ಟ್ಯಾಂಡಿನ ಬೂತಿಗೆ ಹೋಗಿ ಶಾಲೆಯ ನಂಬರಿಗೆ ಮಾಡಿದೆ. ಕುಂಯ್ ಅನ್ನುವ ಸದ್ದು. ಮತ್ತೆ ಮಾಡಿದೆ. ಬೂತಿನವಳು, "ಲೈನೇ ಇಲ್ಲ ಸಾರ್, ನಾಳೆ ಬನ್ನಿ."

27, ಸೋಮವಾರ

ಕಾಲೇಜಿಗೆ ಹೋದೆ. ಬಿ.ಕಾಂ. ಹುಡುಗರಿಗೆ ಸವಕಳಿ ಲೆಕ್ಕ ಹೇಳಿಕೊಟ್ಟೆ. ಎಲ್ಲರೂ ಬರೆದುಕೊಂಡರು. ಏನು ಹೇಳಿದೆನೋ.

ಗೇಟಿನಲ್ಲಿ ಕೋದಂಡರಾಮಪ್ಪ. ಪಕ್ಕದ ಮನೆಯವರು, ಮಾವಿನ ಮಂಡಿ ಇಟ್ಟವರು. ನಂದಿತಾಳನ್ನು ಬೆಂಗಳೂರಿನವರೆಗೆ ಬಿಟ್ಟದ್ದು ಅವರ ಕಾರಿನಲ್ಲಿ. ಹಾಗಾಗಿ ಅವರಿಗೆ ಗೊತ್ತು. ಪಿಸುಮಾತು ಮಾತ್ರ ಗೊತ್ತಿಲ್ಲ.

"ಏಂ ಸಾರ್, ಮೇಡಂ ಸಮಾಚಾರಂ ಏನಾದ್ರೂ ಬಂತಾ?"

"ಮೆಲ್ಲಗೆ ರೀ."

"ಮೆಲ್ಲಗೇ ಅಲ್ವಾ ಅಂತಾ ಇರೋದು! ಆ ದ್ವೀಪದಲ್ಲಿ ಗುಡ್ಡ ಗಿಡ್ಡ ಏನಾದ್ರೂ ಐತಾ?"

"ತೆಂಗಿನಮರ ಬಿಟ್ಟರೆ ಎತ್ತರದ್ದು ಏನೂ ಇಲ್ಲವಂತೆ."

ಆಮೇಲೆ ಈ ವರ್ಷದ ಮಾವಿನ ಹೂವು, ಮಂಜು ಬಿದ್ದರೆ ಉದುರುವುದು, ಮದ್ದು ಹೊಡೆಯುವುದು... ಅವರು ಮಾತು ಬದಲಿಸಿದ್ದಕ್ಕೇ ನನಗೆ ಭಯವಾಯಿತು.

ಟಿವಿಯಲ್ಲಿ ಮಾಲ್ಡೀವ್ಸ್‌ನಲ್ಲಿ ಸತ್ತವರ ಸಂಖ್ಯೆ ಹೇಳಿದರು. ಸಣ್ಣ ಸಂಖ್ಯೆ. ಸಣ್ಣ ಸಂಖ್ಯೆಯಲ್ಲೂ ಒಬ್ಬಳಿಗೆ ಬೇಕಾದಷ್ಟು ಜಾಗವಿದೆ.

28, ಮಂಗಳವಾರ

ಅಮ್ಮ ಮೊರದಲ್ಲಿ ಎಳ್ಳು ಕೇರುತ್ತಿದ್ದಳು.

"ಸಂಕ್ರಾಂತಿಗಾದ್ರೂ ಬರ್ತಾಳೇನೋ? ಎಳ್ಳು ಜಾಸ್ತಿ ಹುರೀಲಾ?"

ಉತ್ತರ ಕೊಡಲು ಬಾಯಿ ತೆರೆದೆ. ಬೇರೆಯೇ ಬಂತು. ಎಲ್ಲ ಹೇಳಿದೆ.

ಮೊರ ಕೆಳಗಿಟ್ಟಳು.

"ಅಲ್ಲಿ ಸಮುದ್ರ ಎಷ್ಟು ದೂರ?"

"ಸುತ್ತಲೂ."

"ಅಕ್ಕಿ ಎಲ್ಲಿಂದ ಬರುತ್ತೆ?"

"ಹಡಗಿನಲ್ಲಿ."

"ಈಗ ಬರ್ತಿದ್ಯಾ ಹಡಗು?"

ಗೊತ್ತಿಲ್ಲ ಅಂದೆ. ಇಷ್ಟು ಹೊತ್ತೂ ನಾನು ಯೋಚಿಸಿದ್ದು ಇದ್ದಾಳೋ ಇಲ್ಲವೋ, ಅಷ್ಟೇ. ಅಮ್ಮ ಆಗಲೇ ಇರುವವಳಿಗೆ ಅನ್ನ ಹುಡುಕುತ್ತಿದ್ದಳು.

"ಪಂಕ್ತಿಗೆ ಹೆದರಿ ಸುಳ್ಳು ಹೇಳಿದ್ಯೇನೋ? ನನ್ನನ್ನ ಏನಂದ್ಕೊಂಡೆ? ಎರಡು ರಾತ್ರಿ ಹಾಯಾಗಿ ನಿದ್ದೆ ಮಾಡಿದ್ನಲ್ಲೋ, ಪಾಪಿ..."

ಮೊರ ಮತ್ತೆ ಕೈಗೆತ್ತಿಕೊಂಡಳು. "ಬಂದ ಮೇಲೆ ಪಂಚಗವ್ಯ ಕುಡಿಸ್ತೀನಿ. ಅದು ಬೇರೆ ವಿಷಯ. ಮೊದಲು ಬರಲಿ."

30, ಗುರುವಾರ

ಯಾರೋ ಹೇಳಿದರು ಅಂತ ಕೋಲಾರಕ್ಕೆ ಹೋಗಿ ಒಂದು ಸರ್ಕಾರಿ ಆಫೀಸಿನಲ್ಲಿ ಕಾಣೆಯಾದವರ ಪಟ್ಟಿಗೆ ಅವಳ ಹೆಸರು ಬರೆಸಿದೆ. ವಿಳಾಸ ಕೇಳಿದರು. ದ್ವೀಪದ ಹೆಸರು ಹೇಳಿದರೆ, "ಅದಲ್ಲ ಸಾರ್, ಇಲ್ಲಿಂದು" ಅಂದರು.

ಬಸ್ಸಿಳಿದು ಬಂದರೆ ಅಮ್ಮ ಗೇಟಿನಲ್ಲಿ.

"ಫೋನ್ ಬಂದಿತ್ತು ಕಣೋ."

ಮೆಟ್ಟಿಲ ಮೇಲೆ ಕೂತೆ. "ಅವಳೇನಾ?"

"ಇನ್ಯಾರು? ಅತ್ತೆ ಅಂದ್ಲು. ನಂಗೆಲ್ಲಾ ಗೊತ್ತು, ಹೇಳು ಅಂದೆ. ಸೊಂಟದವರೆಗೆ ನೀರು ಬಂತಂತೆ. ಕೇರಿ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಸ್ಕೂಲಿನ ಮಾಳಿಗೆ ಮೇಲೆ ಕೂತಿದ್ಲಂತೆ. ಹುಷಾರಾಗಿದಾಳೆ."

"ಯಾವಾಗ ಬರ್ತಾಳಂತೆ?"

"ಅದನ್ನ ನಾನ್ಯಾಕೆ ಕೇಳ್ಲಿ? ಗಂಡ ನೀನು, ನೀನು ಕೇಳು. ಊಟ ಆಯ್ತಾ ಅಂದೆ. ಅಷ್ಟರಲ್ಲಿ ಕಟ್ಟಾಯ್ತು."

ಅಳು ಬರಲಿಲ್ಲ. ಹಸಿವಾಯಿತು. ನಾಚಿಕೆಯಾಗುವಷ್ಟು ಹಸಿವು.

ಆತಂಕ ಹೋಗಿಲ್ಲ, ಜಾಗ ಬದಲಿಸಿದೆ. ನಾಲ್ಕು ದಿನದಿಂದ ನಾಲಿಗೆಯ ಮೇಲೆ ಒಂದೇ ಮಾತು: ಬಂದುಬಿಡು. ಅವಳು ಸಿಕ್ಕಾಗ ನಾನು ಕೋಲಾರದಲ್ಲಿ.

2 ಜನವರಿ 2005, ಭಾನುವಾರ, ಹನ್ನೊಂದು ದಾಟಿದೆ

ಬಂತು. ಮೊದಲ ರಿಂಗಿಗೇ ಎತ್ತಿದೆ.

ದನಿ ಒಡೆದಿದೆ. ಶೀತವಂತೆ. ಹೋಗಬೇಕೆಂದವರಿಗೆ ಟಿಕೆಟ್ ಕೊಡುತ್ತಾರಂತೆ, ಇವತ್ತೇ ಹೇಳಬೇಕಂತೆ. ಜೊತೆಯ ಮಲಯಾಳಿ ಟೀಚರುಗಳು ಹೊರಟಾಯಿತು. ಶಾಲೆಯನ್ನು ಟೆಂಟಿನಲ್ಲಿ ಶುರು ಮಾಡುತ್ತಾರೆ. ಮಕ್ಕಳು ದಿನಾ ಬಂದು, ಟೀಚರ್ ನೀವೂ ಹೋಗ್ತೀರಾ ಅಂತ ಕೇಳುತ್ತವೆ.

"ಏನ್ ಮಾಡ್ಲಿ, ನೀವು ಹೇಳಿ."

"ನಿನಗೇನನ್ಸುತ್ತೆ?"

"ನಾನು ಕೇಳಿದ್ದು ನಿಮ್ಮನ್ನ ರೀ. ಇಷ್ಟು ವರ್ಷದಲ್ಲಿ ಒಂದ್ಸಲ ಆದ್ರೂ, ನಿಮಗೇನು ಬೇಕು ಅಂತ ಬಾಯಿಬಿಟ್ಟು ಹೇಳಿ."

ಒಳಗೆ ಒರಳಿನ ಸದ್ದು ನಿಂತಿತು.

"ಬಂದುಬಿಡು" ಅಂದೆ.

ನನ್ನ ದನಿ ನನಗೇ ಹೊಸದು. ಸ್ವಾರ್ಥವೇ ಇರಬಹುದು. ಆ ಮಕ್ಕಳು... ಇರಲಿ. ಅಂದದ್ದು ಅಂದೆ.

ಆ ಕಡೆ ಮಾತಿಲ್ಲ. ಲೈನ್ ಹೋಯಿತೋ. ಕೇಳಿಸಿಯೇ ಇಲ್ಲವೋ. ಕೇಳಿಸಿ ಸುಮ್ಮನಿದ್ದಾಳೋ. ಕಟ್ಟಾದರೆ ಟೂಂ ಟೂಂ ಬರಬೇಕು, ಬಂದಿಲ್ಲ. ರಿಸೀವರ್ ಎಡಗೈಯಲ್ಲಿ, ಕಿವಿಗೆ ಒತ್ತಿಕೊಂಡೇ ಇದೆ. ಬಲಗೈ ಇದನ್ನು ಬರೆಯುತ್ತಿದೆ, ಏನಾದರೂ ಮಾಡಬೇಕಲ್ಲ. ಅಮ್ಮ ಬಾಗಿಲಲ್ಲಿ ನಿಂತು ಹುಬ್ಬಿನಲ್ಲೇ ಕೇಳುತ್ತಿದ್ದಾಳೆ, ಏನಂದ್ಲು?

ಹಲೋ ಅಂದರೆ ಗೊತ್ತಾಗುತ್ತದೆ. ಹಲೋ ಅಂದರೆ—