ಕೈಬಿಟ್ಟರೂ ನಿಲ್ಲುವ ಕೋಲು

ಮಾರ್ಚ್ 9

ಪ್ರೀತಿಯ ಪುಟ್ಟೀ,

ನಾವೆಲ್ಲ ಕ್ಷೇಮ. ನಿನ್ನ ಪತ್ರ ಬಂದು ಮೂರು ವಾರವಾಯಿತು. ವರ್ಕ್‌ಶಾಪಿನ ಲೇತ್ ಯಂತ್ರ ಕೆಟ್ಟಿತ್ತು, ಅದಕ್ಕೇ ತಡ ಎಂದು ಬರೆಯಲು ಹೊರಟೆ; ಆ ಹಾಳೆ ಹರಿದುಹಾಕಿದೆ. ಲೇತ್ ಚೆನ್ನಾಗಿಯೇ ಇದೆ. ಕೆಟ್ಟಿರುವುದು ಅದನ್ನು ಓಡಿಸುವವನು.

ಅಮ್ಮ ಈಗ ನಿನ್ನ ಕೋಲು ಹಿಡಿದು ಅಡುಗೆಮನೆಗೆ ತಾನೇ ನಡೆದು ಹೋಗುತ್ತಾಳೆ. ಒಲೆಯ ಮುಂದೆ ಕೈಬಿಟ್ಟರೆ ಬುಡದ ಮೂರು ಪುಟ್ಟ ಕಾಲು ಬಿಚ್ಚಿಕೊಂಡು ಕೋಲು ಪಕ್ಕದಲ್ಲೇ ನಿಲ್ಲುತ್ತದೆ. ಬಗ್ಗಿ ಎತ್ತಿಕೊಳ್ಳುವ ಕಷ್ಟವಿಲ್ಲ. ಮನೆಯಲ್ಲಿ ತನ್ನ ಮಾತು ಕೇಳುವುದು ಇದೊಂದೇ ಎಂದು ನನಗೂ ನಿನ್ನ ಅತ್ತಿಗೆಗೂ ಒಟ್ಟಿಗೇ ಚುಚ್ಚುತ್ತಾಳೆ.

ಕೋಲು ತಯಾರಿಸಲು ಮುಂದೆ ಬಂದ ವಿದೇಶಿ ಕಂಪನಿಯ ದೇಶದ ಪೇಟೆಂಟ್ ಕಚೇರಿ ನಿನ್ನ ಅರ್ಜಿ ತಳ್ಳಿಹಾಕಿದೆ, ಅರ್ಜಿಗೆ ಮೊದಲೇ ಯಾರೋ ಕೋಲನ್ನು ಜನರಿಗೆ ತೋರಿಸಿದ್ದಾರಂತೆ, ಯಾರಿರಬಹುದು ಅಣ್ಣಾ ಎಂದು ಕೇಳಿದ್ದೀಯ.

ನಾನೇ.

ಅರ್ಜಿ ಹಾಕುವ ತನಕ ಬಾಯಿ ಬಿಡಬೇಡ ಎಂದು ನೀನು ಕೋಲು ಮಾಡಲು ನನಗೆ ಕಳಿಸಿದ ನಕ್ಷೆಯ ಜೊತೆಗೇ ಬರೆದಿದ್ದೆ. ಬಾಯಿ ಬಿಡಲಿಲ್ಲ, ಕೋಲನ್ನೇ ಹೊತ್ತುಕೊಂಡು ನಮ್ಮ ವರ್ಕ್‌ಶಾಪ್ ಮಾಲೀಕರ ಸಂಘದ ವಸ್ತುಪ್ರದರ್ಶನಕ್ಕೆ ಹೋದೆ. ಎಲ್ಲರ ಮೇಜಿನ ಮೇಲೂ ಬೋಲ್ಟು, ಬುಷ್ಷು. ಜನ ಸೇರಿದ್ದು ಮಾತ್ರ ನನ್ನ ಮೇಜಿನ ಮುಂದೆ. ಕೈಬಿಟ್ಟೆ, ಕೋಲು ನಿಂತಿತು, ಚಪ್ಪಾಳೆ ಬಿತ್ತು. ಮತ್ತೆ ಬಿಟ್ಟೆ. ಇಪ್ಪತ್ತು ಸಲವಾದರೂ ಬಿಟ್ಟಿರಬೇಕು. ಸಂಘದವರು ಫೋಟೋ ತೆಗೆದು ಸ್ಮರಣಸಂಚಿಕೆಯಲ್ಲಿ ಹಾಕಿದರು. ಆ ಪುಟ ಗಡಿ ದಾಟಿ ಹೋಗಿ ನಿನ್ನ ಅರ್ಜಿಗೆ ಅಡ್ಡ ನಿಂತಿದೆ.

ನಿನ್ನ ವಕೀಲೆಯನ್ನು ಹೋಗಿ ಕಂಡೆ. ಇಲ್ಲಿ ಸಿಕ್ಕ ಪೇಟೆಂಟು ಅಲ್ಲಿ ನಡೆಯುವುದಿಲ್ಲವೇ ಎಂದೆ. ಒಂದೊಂದು ದೇಶಕ್ಕೂ ಬೇರೆ ಅರ್ಜಿ, ಬೇರೆ ಕಾನೂನು ಎಂದರು. ಹೀಗೆ ತೋರಿಸಿದ್ದನ್ನು ನಮ್ಮಲ್ಲಿ ಕೆಲವು ತಿಂಗಳ ಮಟ್ಟಿಗೆ ಮನ್ನಿಸುತ್ತಾರಂತೆ, ಅಲ್ಲಿ ಇಲ್ಲ. ನಿನ್ನ ಹೆಸರಲ್ಲೇ ಕೋಲು ತಯಾರಿಸುತ್ತೇವೆಂದ ಅಲ್ಲಿಯ ಕಂಪನಿ ಇನ್ನು ನಿನ್ನನ್ನು ಕೇಳಬೇಕಾಗಿಯೇ ಇಲ್ಲ.

"ತೋರಿಸಿದ್ದು ಯಾರು ಅಂತ ನಿಮಗೇನಾದ್ರೂ ಗೊತ್ತಾ?" ಎಂದರು.

"ಗೊತ್ತು" ಎಂದೆ. ಮೇಜಿನ ಮೇಲಿದ್ದ ಆ ಪುಟದಲ್ಲಿ ನನ್ನ ಮೀಸೆ ಎದ್ದು ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳಿಗೆ ಮತ್ತೆ ನಡೆಯುವುದನ್ನು ಕಲಿಸಿ, ಮನೆಗೆ ಬಂದು ನಾಲ್ಕು ವರ್ಷ ಕೂತು ನೀನು ಬರೆದ ನಕ್ಷೆ ಅದು. ನನಗೆ ತುಂಬಾ ನಾಚಿಕೆಯಾಗುತ್ತಿದೆ. ಬೈಯಬೇಕೆನಿಸಿದರೆ ಬೈದು ಬರೆ, ಸುಮ್ಮನಿರಬೇಡ. ನಿನ್ನ ತಲೆಗೆ ಇನ್ನೂ ನೂರು ಯೋಚನೆ ಬರಲಿ. ಅವು ನನ್ನ ಕೈಗೆ ಸಿಗದಿರಲಿ.

ನಿನ್ನ ಅಣ್ಣ

ತಾ.ಕ.: ಮೇಲೆ ಇದನ್ನು ಬರೆಯಲು ಧೈರ್ಯ ಸಾಲಲಿಲ್ಲ. ವಕೀಲೆ ಆ ಪುಟವನ್ನು ನಿನಗೂ ಕಳಿಸುತ್ತಾರೆ. ಫೋಟೋದ ಕೆಳಗೆ "ಕಂಡುಹಿಡಿದವರು" ಎಂಬಲ್ಲಿ ನನ್ನ ಹೆಸರಿದೆ. ಅಚ್ಚಿನ ತಪ್ಪಲ್ಲ, ನಾನೇ ಬರೆದುಕೊಟ್ಟಿದ್ದು. ಅಮ್ಮ ಅದನ್ನು ಓದಿ ನನ್ನ ತಲೆ ಸವರಿ, "ನಾನು ಇಷ್ಟು ದಿನ ಅವಳು ಮಾಡಿದ್ದು ಅಂದ್ಕೊಂಡಿದ್ದೆ ಕಣೋ" ಎಂದಳು. ಆಗಲೂ ಸುಮ್ಮನಿದ್ದೆ. ಮನೆಗೆ ತಂದ ಸಂಚಿಕೆ ಅವಳ ದಿಂಬಿನ ಕೆಳಗಿದೆ. ಈ ಪತ್ರ ಅಂಚೆಗೆ ಹಾಕುವ ಮೊದಲು ನಿಜ ಹೇಳಬೇಕೆಂದು ಎರಡು ಸಲ ಅವಳ ಕೋಣೆಗೆ ಹೋದೆ. ಎರಡು ಸಲವೂ ನೀರು ಬೇಕಾ ಎಂದು ಕೇಳಿ ವಾಪಸು ಬಂದೆ.