ಡೆಪ್ಯುಟಿಯ ಮೂರು ಮದುವೆ ಅಂಗಿಗಳು

ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ
ಮಾರ್ಚ್ 14, 1961

ನನ್ನ ಮುದ್ದಿನ ಮಾರ್ವಾಗೆ, ಅಮ್ಮನ ನೂರು ಮುತ್ತುಗಳು.

ಹೌದು, ಅದು ನಾನೇ. ಮೊನ್ನೆ ಶನಿವಾರ ನಿಮ್ಮ ಮನೆಯ ಟೆಲಿವಿಷನ್ನಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಮದುಮಗಳ ಮುಸುಕಿನೊಳಗಿಂದ ಒಂದು ಕ್ಷಣ ಕಂಡ ಮುಖ ನಿನ್ನ ಅಮ್ಮನದೇ. ನಿನ್ನ ಅತ್ತೆಯವರು ಕನ್ನಡಕ ಒರೆಸಿಕೊಂಡು, ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡು, "ಇದು ನಿಮ್ಮಮ್ಮ ಅಲ್ವಾ?" ಎಂದರು ಎಂದು ಬರೆದಿದ್ದೀಯೆ. ಅವರ ಕಣ್ಣು ಚೆನ್ನಾಗಿದೆ ಎಂದು ಹೇಳು. ನಿಮ್ಮ ಅಪ್ಪನ ಫೋಟೋ ಇನ್ನೂ ಗೋಡೆಯ ಮೇಲಿದೆಯೇ ಎಂದು ಕೇಳಿದ್ದೀಯೆ. ಇದೆ. ಇವತ್ತು ಬೆಳಿಗ್ಗೆ ತಾನೇ ಧೂಳು ಒರೆಸಿದ್ದೇನೆ. ಅವರು ಹೋಗಿ ಒಂಬತ್ತು ವರ್ಷವಾಯಿತು, ಒಂದು ವಾರವೂ ತಪ್ಪಿಸಿಲ್ಲ.

ನಿಮ್ಮ ಎನಿಡ್ ಊರಿನ ಚರ್ಚಿನ ಹೆಂಗಸರು ಏನೇನು ಊಹಿಸಿಕೊಂಡಿರಬಹುದು ಎಂಬುದು ನನಗೆ ಗೊತ್ತು. ಅವರು ಊಹಿಸುವುದಕ್ಕಿಂತ ನಾನೇ ಹೇಳುವುದು ಮೇಲು. ಆದರೆ ಅದಕ್ಕೆ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ಎಲ್ಲ ಶುರುವಾದದ್ದು ಅಲ್ಲಿಂದ.

ನನ್ನ ಹಾಗೆ ನಟರಿಗೆ ಬಟ್ಟೆ ಹೊಲಿಯುವವಳಿಗೆ ಕೌಬಾಯ್ ಧಾರಾವಾಹಿಯ ಕಥೆ ಎಲ್ಲರಿಗಿಂತ ಮೊದಲೇ ತಿಳಿಯುತ್ತದೆ, ಮಗಳೇ. ನಟನಿಗೆ ಒಂದೇ ಅಂಗಿ ಬೇಕೆಂದು ಚೀಟಿ ಬಂದರೆ ಆ ವಾರ ಅವನು ಸುಖವಾಗಿರುತ್ತಾನೆ. ಎರಡು ಬಂದರೆ ಎಲ್ಲೋ ಹೊಡೆದಾಟವಿದೆ. ಒಂದೇ ಅಳತೆಯ, ಒಂದೇ ಬಟ್ಟೆಯ ಮೂರು ಅಂಗಿ ಕೇಳಿದರೆ ಅವನಿಗೆ ಗುಂಡು ಬೀಳುತ್ತದೆ. ಪ್ರತಿ ಸಲ ಚಿತ್ರ ತೆಗೆಯುವಾಗಲೂ ಹೊಸ ಅಂಗಿಗೆ ಹೊಸ ತೂತು ಬೇಕಲ್ಲ. ಹೋದ ವರ್ಷ ಕಥೆಯ ಊರಿನ ಡಾಕ್ಟರ ಪಾತ್ರ ಮಾಡುತ್ತಿದ್ದವರಿಗೆ ನಾನು ಮೂರು ಬೂದು ಅಂಗಿ ಹೊಲಿದೆ. ಅವರು ನಗುನಗುತ್ತಾ ಅಳತೆ ಕೊಟ್ಟು ಹೋದರು. ಪಾತ್ರ ಸತ್ತಿತು, ಕೆಲಸ ಹೋಯಿತು, ಈಗ ಪಸಡೀನಾದಲ್ಲಿ ಮನೆಮನೆಗೆ ಹೋಗಿ ವಿಮೆ ಮಾರುತ್ತಿದ್ದಾರೆ. ನಾನು ಆಗಲೂ ಬಾಯಿ ಬಿಡಲಿಲ್ಲ. ಯಾರಿಗೂ ಹೇಳಬಾರದೆಂಬುದು ನಮ್ಮ ಕೆಲಸದ ಕಟ್ಟಳೆ.

ಜನವರಿಯಲ್ಲಿ ಚೀಟಿ ಬಂತು. ಬಿಳಿ ಮದುವೆ ಅಂಗಿ, ಮೂರು. ಡೆಪ್ಯುಟಿಗೆ.

ಡೆಪ್ಯುಟಿ ಎಂದರೆ ನೀನು ಪ್ರತಿ ಶನಿವಾರ ನೋಡಿ ನಗುವ, ಷೆರೀಫನ ಕೈಕೆಳಗಿನ ಆ ಕುಡುಕ, ಪೆದ್ದ ಪೋಲೀಸಿನವನು. ಪಾತ್ರಧಾರಿಯ ಹೆಸರು ಹೋಬರ್ಟ್ ಟಲಿ. ಐವತ್ತೆಂಟು ವರ್ಷ. ಕುಡಿಯುತ್ತಾರೆಯೇ ಎಂದು ಕೇಳಿದ್ದೀಯೆ. ಅವರ ಬಾಟಲಿಯಲ್ಲಿರುವುದು ತಣ್ಣಗಿನ ಟೀ. ಹೊಟ್ಟೆಯಲ್ಲಿ ಹುಣ್ಣು, ಅದಕ್ಕೇ ಮಧ್ಯಾಹ್ನದ ಊಟಕ್ಕೆ ಬರೀ ಮಜ್ಜಿಗೆ ಮತ್ತು ಒಣ ಬ್ರೆಡ್ಡು. ಆರು ವರ್ಷದಿಂದ ಆ ಮಜ್ಜಿಗೆಯನ್ನು ಉಡುಪುಗಳನ್ನು ಇಡುವ ನಮ್ಮ ಬಟ್ಟೆಗಾಡಿಯ ನೆರಳಿನಲ್ಲಿ ಕುಳಿತು ಕುಡಿಯುತ್ತಾರೆ. ಅಲ್ಲಿ ನೆರಳು ಚೆನ್ನಾಗಿದೆ, ಅಷ್ಟೇ.

ಮೊದಲನೇ ಅಂಗಿ ಹೊಲಿದೆ. ಎರಡನೆಯದರ ತೋಳು ಕೂಡಿಸುವಾಗ ಕೈ ನಡೆಯಲಿಲ್ಲ. ಆ ವಾರದ ಕಥೆ ತಮಾಷೆಯದು, ನೀನೇ ನೋಡಿದ್ದೀಯೆ. ಡೆಪ್ಯುಟಿ ತನ್ನದೆಂದು ಷೆರೀಫನ ಫೋಟೋ ಕಳಿಸಿ ದೂರದ ಊರಿನ ಹುಡುಗಿಯನ್ನು ಮದುವೆಗೆ ಒಪ್ಪಿಸಿರುತ್ತಾನೆ. ಅವಳು ಬಂದಿಳಿದಾಗ ಮೋಸ ಬಯಲಾಗಿ, ಅವಳಪ್ಪ ಇವನ ಎದೆಗೆ ಬಂದೂಕು ಹಿಡಿದು ಆತುರಾತುರವಾಗಿ ಮದುವೆಗೆ ನಿಲ್ಲಿಸುತ್ತಾನೆ. ತಮಾಷೆಗೇನು ಮೂರು ಅಂಗಿ? ಕಥೆ ಬರೆದ ಹಾಳೆಗಳನ್ನು ತರಿಸಿ ನೋಡಿದೆ. ಮೂವತ್ತೊಂದನೇ ಹಾಳೆಯ ಕೊನೆಯ ಸಾಲು, "ಮಾವನ ಬಂದೂಕು ಹಾರುತ್ತದೆ." ಮೂವತ್ತೆರಡನೇ ಹಾಳೆ ಯಾರ ಹತ್ತಿರವೂ ಇರಲಿಲ್ಲ. ಬರಹಗಾರನನ್ನು ಕೇಳಿದರೆ, ಇನ್ನೂ ತಿದ್ದುತ್ತಿದ್ದೇನೆ ಎಂದು ಬೇರೆ ಕಡೆ ನೋಡಿದ.

ಮರುದಿನ ಮಜ್ಜಿಗೆ ಕುಡಿಯುವ ಹೊತ್ತಿಗೆ ನಾನು ಹೋಬರ್ಟ್ ಅವರಿಗೆ ಹೇಳಿಬಿಟ್ಟೆ.

ಅವರು ಲೋಟ ಕೆಳಗಿಟ್ಟರು. ಆಮೇಲಿನ ಮೂರು ದಿನ ಅವರ ಅವಸ್ಥೆ ನೋಡಬೇಕಿತ್ತು. ಯಾರು ನಕ್ಕರೂ ಅದರ ಹಿಂದೆ ಏನೋ ಇದೆ. ನಿರ್ದೇಶಕ ಗ್ರಾಫ್ ಅವರು ಎಂದೂ ಇಲ್ಲದೆ, ಫ್ರೆಸ್ನೋದಲ್ಲಿರುವ ನಿಮ್ಮ ಅಕ್ಕ ಚೆನ್ನಾಗಿದ್ದಾರಾ ಎಂದು ಕೇಳಿದರು. ಮುದುಕನನ್ನು ಎಲ್ಲಿಗೆ ಸಾಗಹಾಕಬೇಕೆಂದು ಮೊದಲೇ ವಿಚಾರಿಸಿಕೊಳ್ಳುತ್ತಿದ್ದಾರೆ ಎಂದು ಇವರು ತಿಳಿದರು. ಷೆರೀಫನ ಪಾತ್ರದ ಸುಂದರಾಂಗ ಹೆಗಲ ಮೇಲೆ ಕೈ ಹಾಕಿದ. ಅದೂ ಬೀಳ್ಕೊಡುಗೆಯೇ. ಅಡಿಗೆಯವನು ಕೇಳದೆಯೇ ಸೇಬಿನ ಕಡುಬು ಇನ್ನೊಂದು ತುಂಡು ಬಡಿಸಿದಾಗ ತಟ್ಟೆಯನ್ನು ತಂದು ನನ್ನ ಮುಂದಿಟ್ಟರು.

"ನೋಡಿ ವೆಲ್ಡಾ, ನೇಣು ಹಾಕೋ ದಿನ ಹೀಗೇ ಕರೆದು ಕರೆದು ಬಡಿಸ್ತಾರೆ," ಎಂದರು.

ಮದುಮಗಳ ಪಾತ್ರಕ್ಕೆ ಬಂದಿದ್ದ ಮಿಸ್ ಡೆಲಾನಿಯ ಮೇಲಂತೂ ಕಣ್ಣಿಟ್ಟೇ ಇದ್ದರು. ಕಥೆಯಲ್ಲಿ ಡೆಪ್ಯುಟಿ ಸತ್ತ ಮೇಲೆ ಈ ವಿಧವೆಯನ್ನೇ ಊರಲ್ಲಿ ಉಳಿಸಿಕೊಂಡು, ಇನ್ನು ಮೇಲೆ ಇವಳಿಂದಲೇ ನಗಿಸುತ್ತಾರೆ ಎಂದು ಅವರ ಲೆಕ್ಕಾಚಾರ. ಅವಳು ಇವರ ಕುರ್ಚಿಯಲ್ಲಿ ಕುಳಿತಳೆಂದು ಒಂದು ಇಡೀ ಬೆಳಿಗ್ಗೆ ನಿಂತೇ ಇದ್ದರು. ನನಗೂ ಅವಳು ಹಿಡಿಸಲಿಲ್ಲ, ಮಾರ್ವಾ. ಕಾರಣ ಕೇಳಬೇಡ.

ಗುರುವಾರ ಚಾಟ್ಸ್‌ವರ್ತ್ ಬೆಟ್ಟದ ಬುಡದಲ್ಲಿ, ಚಿತ್ರೀಕರಣಕ್ಕೆಂದು ಕಟ್ಟಿದ ನಮ್ಮ ಮರದ ಹಲಗೆಯ ಊರಿನಲ್ಲಿ, ಮದುವೆಯ ದೃಶ್ಯ. ಬೆಳಿಗ್ಗೆ ಮಿಸ್ ಡೆಲಾನಿಯ ಮುಖ ಕಾಣುವ ಭಾಗವೆಲ್ಲ ಮುಗಿಯಿತು. ಮಧ್ಯಾಹ್ನ ಬಂದೂಕು ಹಾರುವ ಭಾಗ. ಹೋಬರ್ಟ್ ಅವರನ್ನು ಕರೆದರು. ಆಸಾಮಿ ಇಲ್ಲ. ಹುಡುಕಿದರೆ ಷೆರೀಫನ ಕಚೇರಿಯ ಜೈಲಿನೊಳಗೆ ಕುಳಿತಿದ್ದಾರೆ. ಆ ಊರಿನಲ್ಲಿ ಎಲ್ಲವೂ ಸುಳ್ಳು, ಆ ಜೈಲಿನ ಸರಳು ಮತ್ತು ಬೀಗ ಮಾತ್ರ ನಿಜವಾದ ಕಬ್ಬಿಣದ್ದು. ಒಳಗಿಂದ ಬೀಗ ಹಾಕಿಕೊಂಡು ಕೀಲಿಯನ್ನು ಬೂಟಿನೊಳಗೆ ಇಳಿಸಿಬಿಟ್ಟಿದ್ದರು. ನಾನು ಇಸ್ತ್ರಿ ಮಾಡಿಟ್ಟಿದ್ದ ಇನ್ನೆರಡು ಅಂಗಿಗಳೂ ಅವರ ತೊಡೆಯ ಮೇಲಿದ್ದವು. ಮೂವತ್ತೆರಡನೇ ಹಾಳೆ ಕೈಗೆ ಬರುವ ತನಕ ಹೊರಗೆ ಬರುವುದಿಲ್ಲ ಎಂದರು.

ಗ್ರಾಫ್ ಅವರು ಕೂಗಿದರು, ಬೇಡಿಕೊಂಡರು, ಹಾಳೆಯನ್ನು ಬರಹಗಾರ ಇನ್ನೂ ಕಳಿಸಿಯೇ ಇಲ್ಲವೆಂದು ಆಣೆ ಮಾಡಿದರು. ಹೋಬರ್ಟ್ ನಂಬಲಿಲ್ಲ. ಮೂರು ಗಂಟೆಗೆ ಮಿಸ್ ಡೆಲಾನಿ ಬೇರೆ ಕಡೆ ಕೆಲಸವಿದೆಯೆಂದು ಕಾರು ಹತ್ತಿ ಹೋದಳು. ಬಿಸಿಲು ಇಳಿಯುತ್ತಿತ್ತು. ಇವತ್ತು ಮುಗಿಯದಿದ್ದರೆ ಈ ಮುದುಕನನ್ನು ನಿಜವಾಗಿಯೂ ಕಿತ್ತುಹಾಕುತ್ತೇನೆ ಎಂದು ಗ್ರಾಫ್ ಗೊಣಗಿದ್ದು ನನ್ನ ಕಿವಿಗೆ ಬಿತ್ತು. ಚೀಟಿಯಿಂದ ಹೋಗದಿದ್ದ ಅವರ ಅನ್ನ ನನ್ನ ಬಾಯಿಯಿಂದ ಹೋಗುವುದರಲ್ಲಿತ್ತು. ಅಂಗಿಗೆ ಗುಂಡಿ ಹೊಲಿಯಬೇಕು ಎಂದು ಸುಳ್ಳು ಹೇಳಿ ಜೈಲಿನ ಹತ್ತಿರ ಹೋದೆ.

"ಬೀಗ ತೆಗೀರಿ, ಗುಂಡಿ ಸಡಿಲ ಆಗಿದೆ," ಎಂದೆ.

"ಸಾಯೋನಿಗೆ ಗುಂಡಿ ಯಾಕೆ ಬಿಡಿ," ಎಂದರು. ಆಮೇಲೆ ಮೆಲ್ಲಗೆ ಹೇಳಿದರು, "ಆರು ವರ್ಷ ಜನ ನನ್ನ ನೋಡಿ ನಕ್ಕಿದಾರೆ, ವೆಲ್ಡಾ. ಈಗ ಸಾಯಿಸಿದ್ರೆ ಅದಕ್ಕೂ ನಕ್ಕೇಬಿಡ್ತಾರೆ. ಅದೊಂದು ಬೇಡ ಅನ್ಸುತ್ತೆ."

ಬಾಯಿಗೆ ಬಂದದ್ದು ಹೇಳಿದೆ.

"ಸತ್ರೆ ಸಾಯಿ ಹೋಬರ್ಟ್. ಐದು ಗಂಟೆಗೆ ಎದ್ದು, ಮಣ್ಣು ಕೊಡವಿಕೊಂಡು, ಬಟ್ಟೆ ಬದಲಾಯಿಸೋಕೆ ಬರ್ತೀಯಲ್ಲ, ಆಗ ನಾನಿರ್ತೀನಿ."

"ಎಲ್ಲಿ?"

"ಎಲ್ಲಿ ಅಂದ್ರೆ? ಬಟ್ಟೆಗಾಡಿ ಹತ್ರ."

ಅವರು ನನ್ನ ಮುಖವನ್ನು ಅನುಮಾನದಿಂದಲೇ ನೋಡಿದರು. ಆ ವಾರ ಎಲ್ಲರನ್ನೂ ನೋಡಿದ ಹಾಗೆಯೇ. ಆಮೇಲೆ ಬೂಟು ಬಿಚ್ಚತೊಡಗಿದರು. ಕೀಲಿ ಕಾಲ್ಬೆರಳಿನ ತನಕ ಜಾರಿತ್ತು, ಕಾಲುಚೀಲವನ್ನೂ ತೆಗೆಯಬೇಕಾಯಿತು.

ಮದುಮಗಳು ಇಲ್ಲ. ಬೆನ್ನು ಮಾತ್ರ ಕಂಡರೆ ಸಾಕು ಎಂದು ಗ್ರಾಫ್ ಸುತ್ತ ನೋಡಿದರು. ಆ ಉಡುಪಿನ ಅಳತೆಗೆ ಹೊಂದುವ ಬೆನ್ನು ನನ್ನದೊಂದೇ ಇತ್ತು. ನಾನು ಬೇಡವೆಂದೆ, ಒಂದು ಸಲ. ಹೀಗೆ ನಿನ್ನ ಅಮ್ಮ ಮುಸುಕು ಹಾಕಿಕೊಂಡು ಚರ್ಚಿನ ಮೆಟ್ಟಿಲು ಹತ್ತಿದಳು.

ಹೋಬರ್ಟ್ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಅವರ ಕಣ್ಣು ಬಂದೂಕಿನ ಮೇಲಿತ್ತು, ಗಲ್ಲ ನಿಜವಾಗಿಯೂ ನಡುಗುತ್ತಿತ್ತು. ಪಾದ್ರಿಯ ಪಾತ್ರದವನು ಒಪ್ಪಿಗೆಯೇ ಎಂದು ಕೇಳಿದ. ಒಪ್ಪಿಗೆ ಎಂದರು. ಅಷ್ಟರಲ್ಲಿ ಗಾಳಿ ಬೀಸುವ ಯಂತ್ರದ ದೆಸೆಯಿಂದ ನನ್ನ ಮುಸುಕು ಹಾರಿತು. ಮುಖ ಕಂಡಿತು. ಅವರು ಬಂದೂಕನ್ನು ಮರೆತು, ಕೈ ಇಳಿಸದೆಯೇ, ಬಗ್ಗಿ ನನಗೆ ಮುತ್ತು ಕೊಟ್ಟರು. ಬರೆದ ಹಾಳೆಯಲ್ಲಿ ಅದು ಇರಲಿಲ್ಲ. ಮಾವನ ಪಾತ್ರದವನು ಬೆಚ್ಚಿ ಬಂದೂಕಿನ ಕುದುರೆ ಎಳೆದ, ಅದು ಢಮಾರ್ ಎಂದಿತು, ಹೋಬರ್ಟ್ ಕಣ್ಣು ಮುಚ್ಚಿದರು. ಚರ್ಚಿನ ಸೂರಿನ ಮೇಲಿದ್ದ ನೀರಿನ ತೊಟ್ಟಿ ಒಡೆದು ಅಷ್ಟೂ ನೀರು ನಮ್ಮಿಬ್ಬರ ತಲೆಯ ಮೇಲೆ ಸುರಿಯಿತು.

ಮೂವತ್ತೆರಡನೇ ಹಾಳೆ ಇಷ್ಟೇ, ಮಗಳೇ. ಗುಂಡು ತೊಟ್ಟಿಗೆ ಬೀಳುತ್ತದೆ, ಡೆಪ್ಯುಟಿ ತೋಯುತ್ತಾನೆ. ಹೋಬರ್ಟ್ ನಿಜವಾಗಿ ಬೆಚ್ಚಲಿ ಎಂದು ಗ್ರಾಫ್ ಆ ಹಾಳೆಯನ್ನು ಬಚ್ಚಿಟ್ಟಿದ್ದರಂತೆ. ಮೂರು ಸಲ ತೆಗೆಯಬೇಕಾದರೆ ಮೂರು ಒಣ ಅಂಗಿ ಬೇಕು. ತೊಟ್ಟಿ ಕಟ್ಟಿದ ಬಡಗಿಗಳಿಗೆ ಗೊತ್ತಿತ್ತಂತೆ, ನಾವು ಯಾರೂ ಅವರನ್ನು ಕೇಳಲಿಲ್ಲ. ಕ್ಯಾಮೆರಾದವನು ನಕ್ಕು ನಕ್ಕು ಕುಳಿತುಬಿಟ್ಟ. ಇದಕ್ಕಿಂತ ಚೆನ್ನಾಗಿ ಇನ್ನೊಂದು ಬರುವುದಿಲ್ಲವೆಂದು ಗ್ರಾಫ್ ಮೊದಲನೆಯದನ್ನೇ ಇಟ್ಟುಕೊಂಡರು. ಹೋಬರ್ಟ್ ಅವರ ತಲೆಗೆ ಆ ಗುಮಾನಿ ತುಂಬಿದವರು ಯಾರೆಂದು ಇವತ್ತಿಗೂ ವಿಚಾರಿಸುತ್ತಿದ್ದಾರೆ. ಹೋಬರ್ಟ್ ಬಾಯಿ ಬಿಟ್ಟಿಲ್ಲ. ಮುಂದಿನ ವರ್ಷಕ್ಕೂ ಅವರ ಕೆಲಸ ಗಟ್ಟಿಯಾಗಿದೆ.

ಎರಡು ದಿನ ಅವರು ನೆರಳಿಗೆ ಬರಲಿಲ್ಲ. ನನ್ನ ಮೇಲೆ ಕೋಪವೆಂದುಕೊಂಡೆ. ಮೂರನೇ ದಿನ ಬಂದು, ಶೀತವಾಗಿತ್ತು, ನಿಮಗೂ ಅಂಟಿಸಬಾರದೆಂದು ದೂರವಿದ್ದೆ ಎಂದರು. ಈಗ ಭಾನುವಾರ ಚರ್ಚಿನಿಂದ ನೇರ ಇಲ್ಲಿಗೆ ಬಂದು ಊಟ ಮಾಡುತ್ತಾರೆ. ನನ್ನ ಅಡಿಗೆಗೆ ಅವರ ಹೊಟ್ಟೆ ನೋಯುವುದಿಲ್ಲವಂತೆ. ನಿಮ್ಮ ಅಪ್ಪನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಅವರು ಕೂರುವುದಿಲ್ಲ. ಕಿಟಕಿಯ ಹತ್ತಿರದ ಕುರ್ಚಿಯನ್ನು ತಾವಾಗಿಯೇ ಆರಿಸಿಕೊಂಡರು. ಅದು ನಿನಗೆ ತಿಳಿದಿರಲಿ ಎಂದು ಬರೆದೆ.

ಈಸ್ಟರಿಗೆ ಬಾ. ಮಾತಾಡಿ ನೋಡು, ಆಮೇಲೆ ಎಷ್ಟು ಬೇಕಾದರೂ ಅನುಮಾನಪಡು. ಅತ್ತೆಯವರು ಕೇಳಿದರೆ, ಅದು ನಟನೆ, ಮುಸುಕು ಗಾಳಿಗೆ ಹಾರಿತು ಎಂದು ಹೇಳು.

ನಿನ್ನ ಪ್ರೀತಿಯ ಅಮ್ಮ,
ವೆಲ್ಡಾ

ಮರೆತಿದ್ದೆ: ಅತ್ತೆಯವರಿಗೆ ಗಾಳಿ ಎಂದೇ ಹೇಳು, ಆದರೆ ನಿನಗೆ ಸುಳ್ಳು ಹೇಳಿ ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಜನ ಮಾತಾಡುವ ದೃಶ್ಯದಲ್ಲಿ ಆ ಯಂತ್ರವನ್ನು ಓಡಿಸುವುದೇ ಇಲ್ಲ, ಅದರ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅವರು ಅಷ್ಟು ಹೆದರಿ ನಿಂತಿದ್ದರು, ಮಾರ್ವಾ. ಎದುರಿಗಿರುವುದು ಯಾರೆಂದು ಅವರಿಗೆ ತಿಳಿಯಲಿ ಅನ್ನಿಸಿತು. ಮುಸುಕು ಎತ್ತಿದ್ದು ನಾನೇ.