ಭುಜವೆಂದು ಹೇಳಿದ್ದೆ

ಹರಪನಹಳ್ಳಿ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ದಾದಾಪೀರ್‌ಗೆ,

ಹೇಗಿದ್ದೀಯಾ? ಪುಣೆಯ ಊಟ ಒಗ್ಗಿತೇ, ಬೆರಳಿನ ಊತ ಇಳಿಯಿತೇ? ಇಲ್ಲಿ ಅಮ್ಮಿಯ ಮೊಣಕಾಲು ಈಗ ಪರವಾಗಿಲ್ಲ. ಅಬ್ಬಾ ದಿನವೂ ಗ್ಯಾರೇಜಿಗೆ ಹೋಗುತ್ತಾರೆ, ನಾನು ಪಕ್ಕದಲ್ಲಿ ಕುಳಿತು ಪಾನಾ ಎತ್ತಿಕೊಡುತ್ತೇನೆ.

ತಂಡದವರು ನಿನ್ನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದ ಸುದ್ದಿ ಬಂದ ದಿನ ಅಬ್ಬಾ ಬಸ್ ನಿಲ್ದಾಣದಲ್ಲಿ ಕಂಡವರಿಗೆಲ್ಲ ಚಹಾ ಕುಡಿಸಿದರು. “ನಮ್ಮ ಸಣ್ಣಾವ ಅಮೆರಿಕಾದ ಫುಟ್‌ಬಾಲ್ ಆಡ್ತಾನ್ರಿ, ಅವರಣ್ಣನ ಜಾಗಾದಾಗ ನಿಂತಾನ” ಎಂದು ಟೈರ್ ಅಂಗಡಿಯ ಚೌಡಣ್ಣನಿಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಆ ಆಟದಲ್ಲಿ ಒದೆಯುವುದಕ್ಕಿಂತ ಕೈಯಿಂದ ಎಸೆಯುವುದೇ ಹೆಚ್ಚೆಂದು ಅವರಿಗೆ ತಿಳಿಸಲು ನನ್ನಿಂದ ಇನ್ನೂ ಆಗಿಲ್ಲ.

ಆರು ವರ್ಷ ಆ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ನಾನಿದ್ದೆ. ಕಾಲೇಜಿನಲ್ಲಿ ಜಾವೆಲಿನ್ ಎಸೆಯುತ್ತಿದ್ದವನ ತೋಳು ನೋಡಿ ತಂಡದವರು ಕರೆದುಕೊಂಡು ಹೋಗಿದ್ದರು. ಎದುರಿನವರು ಮೈಮೇಲೆ ಬೀಳುವ ಮೊದಲು ಸಿಗುವುದು ಮೂರೇ ಸೆಕೆಂಡು. ಅಷ್ಟರಲ್ಲಿ ನಮ್ಮವರಲ್ಲಿ ಯಾರ ಹತ್ತಿರ ಎದುರಾಳಿ ಇಲ್ಲವೆಂದು ನೋಡಿ ಚೆಂಡು ಎಸೆಯಬೇಕು. ಅಷ್ಟು ಚೆಂದದ ಹೊತ್ತು ನನಗೆ ಬೇರೆಲ್ಲೂ ಸಿಗಲಿಲ್ಲ. ಕೊನೆಯ ಸೆಮಿಫೈನಲ್‌ನಲ್ಲಿ ಇಬ್ಬರು ಸೇರಿ ನನ್ನನ್ನು ಕೆಡವಿದರು. ಆಡುತ್ತೀಯಾ ಎಂದು ಕೋಚ್ ಕೇಳಿದಾಗ ಹೂಂ ಎಂದೆ. ಗೆದ್ದೆವು. ಆ ಫೋಟೊವನ್ನು ಅಮ್ಮಿ ಗೋಡೆಗೆ ಹಾಕಿದ್ದಾಳೆ. ಮುಂದಿನ ತಿಂಗಳೇ ಭುಜ ಕೆಟ್ಟಿತೆಂದು ಹೇಳಿ ಊರಿಗೆ ಬಂದೆ.

ಅಲ್ಲಾಹನು ನಿನ್ನನ್ನು ಕಾಯಲಿ. ನಿನ್ನ ಭಾಬಿ ತಸ್ಲೀಮ್ ಸಲಾಂ ಹೇಳಿದ್ದಾಳೆ.

ನಿನ್ನ ಭಾಯಿ,
ಶಹಬಾಜ

ತಾ.ಕ.: ಕೆಟ್ಟದ್ದು ಭುಜವಲ್ಲ, ತಲೆ. ಆ ಸೆಮಿಫೈನಲ್‌ನಲ್ಲಿ ಬಿದ್ದ ಮೇಲಿನ ಆಟ ನನಗೆ ಒಂದಿಷ್ಟೂ ನೆನಪಿಲ್ಲ. ಅದಕ್ಕೂ ಮೊದಲು ಎರಡು ಸಲ ಪೆಟ್ಟು ಬಿದ್ದಾಗ ಜಾಗ ಹೋದೀತೆಂದು ಮುಚ್ಚಿಟ್ಟಿದ್ದೆ. ಹೋದ ತಿಂಗಳು ಪಕ್ಕದ ಬಾಗಳಿ ಊರಿಗೆ ಹೋದವನು ವಾಪಸು ಬರುವ ದಾರಿ ತಿಳಿಯದೆ ಅಲ್ಲಿಯ ಗುಡಿಯ ಮುಂದೆ ಕುಳಿತಿದ್ದೆ. ಹೂವು ಮಾರುವ ಬೊಮ್ಮಮ್ಮ, “ಹೈದರಸಾಬ್ರ ಮಗ ಅಲ್ಲೇನಪಾ, ಯಾಕ ಹಿಂಗ ಕುಂತಿ?” ಎಂದು ಕೇಳಿದಾಗ, ಹರಪನಹಳ್ಳಿಗೆ ಯಾವ ಕಡೆ ಹೋಗಬೇಕೆಂದು ಅವರನ್ನೇ ಕೇಳಿದೆ. ತಲೆಗೆ ಬಿದ್ದ ಪೆಟ್ಟುಗಳಿಂದಲೇ ಈ ಮರೆವು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದು ತಸ್ಲೀಮ್‌ಗೆ ಮಾತ್ರ ಗೊತ್ತು. ಮೊನ್ನೆ ನೀನು ಫೋನಿನಲ್ಲಿ, “ಬಿದ್ದ ಮ್ಯಾಲ ಎರಡೆರಡು ಚೆಂಡು ಕಂಡ್ವು” ಎಂದು ನಕ್ಕೆಯಲ್ಲ, ನನಗೆ ನಗು ಬರಲಿಲ್ಲ. ಈ ಕಾಗದ ಸಿಕ್ಕ ದಿನವೇ ಅಲ್ಲಿಯ ಡಾಕ್ಟರಿಗೆ ಹೇಳು. ಜಾಗ ಹೋದರೆ ಹೋಗಲಿ. ಅಬ್ಬಾಗೆ ಏನು ಹೇಳುವುದೆಂದು ನೀನು ಯೋಚಿಸಬೇಡ, ಇವತ್ತು ಊಟಕ್ಕೆ ಕುಳಿತಾಗ ನಾನೇ ಎಲ್ಲ ಹೇಳುತ್ತೇನೆ.